ಮೂರನೇ ಸಿಲಿಂಡರಿನ ಗೀರು

ಚಿಕ್ಕಪ್ಪನ ಫೋನು ಬಂದಾಗ ನಾನು ಅಡುಗೆಮನೆಯಲ್ಲಿ ನಿಂತುಕೊಂಡೇ ಚಿತ್ರಾನ್ನ ತಿನ್ನುತ್ತಿದ್ದೆ. ಕೂತು ತಿನ್ನುವ ಅಭ್ಯಾಸ ನನಗಿಲ್ಲ. ಮಧುಗಿರಿಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಅಲ್ಲೂ ಬೋರ್ಡಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಇರುತ್ತೇನೆ. ನಿಮ್ಮನ್ನು ನೋಡಿ ನೋಡಿ ಕತ್ತು ನೋವು ಬಂತು ಮಿಸ್ ಎಂದು ಮುಂದಿನ ಬೆಂಚಿನ ಹುಡುಗಿಯರು ನಗುತ್ತಾರೆ. ನನ್ನ ಗಂಡ ತಾಲ್ಲೂಕು ಕಚೇರಿಯ ನೌಕರರು. ಅವರು ಕೂತರೆ ಕೂತಲ್ಲೇ. ನಮ್ಮಿಬ್ಬರ ಸಂಸಾರ ಹೇಗೆ ನಡೆಯಿತೋ ದೇವರಿಗೇ ಗೊತ್ತು.

ಫೋನೆತ್ತಿದರೆ ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ.

"ಗುಜರಿಯವ್ನು ಬಂದು ನೋಡ್ಕಂಡು ಹೋಗವ್ನೆ. ಅಮಾಸೆ ಕಳೀಲಿ, ಎತ್ಕಂಡು ಹೋಯ್ತೀನಿ ಅಂದ. ಇಂಜಿನ್ನು ನಿಂಗೆ ಬೇಕಾ ಬ್ಯಾಡ್ವಾ? ಬೇಕು ಅಂದ್ರೆ ಬಂದು ನೋಡು."

ಇಷ್ಟು ಹೇಳಿ ಇಟ್ಟೇಬಿಟ್ಟ. ಚಿಕ್ಕಪ್ಪ ಎಂದರೆ ನಮ್ಮಪ್ಪನ ಒಬ್ಬನೇ ತಮ್ಮ. ಪಾವಗಡದ ಆಚೆಯ ಹಳ್ಳಿಯೊಂದರಲ್ಲಿದ್ದಾನೆ. ನಮ್ಮಪ್ಪ ತೀರಿಕೊಂಡಾಗ ಮಣ್ಣಿಗೂ ಬಾರದ ಮನುಷ್ಯ. ಹನ್ನೊಂದನೇ ದಿನಕ್ಕಾದರೂ ಬರುತ್ತಾನೆಂದು ಕಾದೆ, ಅದಕ್ಕೂ ಬರಲಿಲ್ಲ. ಅವನ ಮೇಲೆ ನನಗಿದ್ದ ಸಿಟ್ಟು ಸಣ್ಣದಲ್ಲ. ಆದರೂ ಇಂಜಿನ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಹಿತ್ತಲಿಗೆ ಹೋಗಿ ಬಂದೆ, ತಲೆಬಾಗಿಲಿಗೆ ಹೋಗಿ ಬಂದೆ, ಮತ್ತೆ ಹಿತ್ತಲಿಗೆ ಹೋದೆ. ಗಂಡ ಪೇಪರಿನಿಂದ ತಲೆಯೆತ್ತಿ, "ಏನಾಯ್ತು ತಾಯಿ, ಚಿತ್ರಾನ್ನದಾಗೆ ಇರುವೆ ಬಿದ್ದಿತ್ತಾ?" ಎಂದರು.

ಆ ಇಂಜಿನ್ನಿನ ಕತೆ ನಮ್ಮ ತಾತನ ಕಾಲದ್ದು. ತಾತ ಕೊಳಾಲದ ಹತ್ತಿರದ ನಮ್ಮೂರಿನಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದ. ಬೆಂಗಳೂರಿನಲ್ಲಿದ್ದ ಯಾರೋ ಇಂಗ್ಲಿಷ್ ದೊರೆ ದೇಶ ಬಿಟ್ಟು ಹೋಗುವಾಗ ಮಾರಿದ ಒಂದು ಕೆಂಪು ಕಾರನ್ನು ಏನನ್ನಿಸಿತೋ ಏನೋ ಕೊಂಡುಕೊಂಡು ಬಂದ. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ನೆಲಕ್ಕೆ ಅಂಟಿಕೊಂಡಂಥ ಮೈ. ರೇಸಿಗೆಂದು ಮಾಡಿದ ಕಾರಿನಲ್ಲಿ ರುಮಾಲು ಸುತ್ತಿಕೊಂಡ ತಾತ ತೋವಿನಕೆರೆ ಸಂತೆಗೆ ಹೋಗುತ್ತಿದ್ದನಂತೆ, ಪಕ್ಕದ ಸೀಟಿನಲ್ಲಿ ಹುಣಸೆಹಣ್ಣಿನ ಮೂಟೆ.

ನಮ್ಮಪ್ಪ, ಚಿಕ್ಕಪ್ಪ ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗರು. ಒಂದು ಸಲ ತುಮಕೂರಿನಿಂದ ಮೇಸ್ತ್ರಿ ಬಂದು ಇಂಜಿನ್ ಪೂರಾ ಬಿಚ್ಚಿ, ಪಿಸ್ಟನ್ನುಗಳನ್ನು ಹೊರಗೆ ತೆಗೆದು ರಿಂಗು ಬದಲಿಸಿ ಹೋದ. ಹೋಗುವಾಗ ಬಾಯಿ ಸುಮ್ಮನಿರಲಾರದೆ, ಸಿಲಿಂಡರುಗಳನ್ನು ಕೊರೆಸಿ ದೊಡ್ಡದು ಮಾಡಿಸಿ ದೊಡ್ಡ ಪಿಸ್ಟನ್ ಹಾಕಿಸಿದರೆ ಈ ಕಾರು ಗಾಳಿಯಲ್ಲೇ ಹೋಗುತ್ತದೆ ಎಂದು ಹುಡುಗರ ಮುಂದೆ ಹೇಳಿದ. ಅಷ್ಟು ಸಾಕಲ್ಲ! ಆಯುಧಪೂಜೆಯ ಹಿಂದಿನ ದಿನ ತಾತ ಕೊರಟಗೆರೆಗೆ ಹೋಗಿದ್ದಾಗ ಇಬ್ಬರೂ ಸೇರಿ ಇಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡನ್ನು ಬಿಚ್ಚಿ, ಸಿಲಿಂಡರುಗಳ ಬಾಯಿ ಎಷ್ಟು ಅಗಲವಿದೆ, ಎಷ್ಟು ದೊಡ್ಡದು ಮಾಡಬಹುದು ಎಂದು ಇಣುಕಿ ನೋಡಿ, ಮತ್ತೆ ಮುಚ್ಚಿಟ್ಟರು. ಪಿಸ್ಟನ್ನುಗಳಿಗೆ ಕೈ ಹಾಕಲಿಲ್ಲ.

ಹಬ್ಬದ ಮಾರನೆಯ ದಿನ ಕಾರು ನೀಲಿ ಹೊಗೆ ಕಾರತೊಡಗಿತು. ಮೇಸ್ತ್ರಿ ಬಂದ, ಬಿಚ್ಚಿದ. ಮೂರನೇ ಸಿಲಿಂಡರಿನ ಒಳಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಉದ್ದನೆಯ ಗೀರು. "ಯಾರೋ ಒಳಗೆ ಸ್ಕ್ರೂಡ್ರೈವರ್ ಬೀಳಿಸವ್ರೆ" ಎಂದ. ಹೆಡ್ಡು ಬಿಚ್ಚಿದ ಗುಟ್ಟು ಹೊರಬಿತ್ತು. ಗೀರು ಮಾಡಿದವರು ಯಾರು ಎಂದು ತಾತ ಕೇಳಿದ. ನಾನಲ್ಲ ಎಂದು ನಮ್ಮಪ್ಪ. ನಾನಲ್ಲ ಎಂದು ಚಿಕ್ಕಪ್ಪ. ತಾತ ಇಬ್ಬರನ್ನೂ ದೇವರ ಮನೆಗೆ ಎಳೆದುಕೊಂಡು ಹೋಗಿ, ಉರಿಯುವ ದೀಪ ಮುಟ್ಟಿಸಿ ಆಣೆ ಮಾಡಿಸಿದ. ಇಬ್ಬರೂ ದೀಪ ಮುಟ್ಟಿ ಅದೇ ಮಾತು ಹೇಳಿದರು.

ನಮ್ಮ ಕಡೆ ಮಾತಿಗೆ ಸುಳ್ಳು ಹೇಳುವುದನ್ನು ಯಾರೂ ದೊಡ್ಡದಾಗಿ ಎಣಿಸುವುದಿಲ್ಲ. ಮನೆದೇವರ ದೀಪ ಮುಟ್ಟಿ ಸುಳ್ಳು ಹೇಳುವುದು ಮಾತ್ರ ಬೇರೆಯೇ ಲೆಕ್ಕ. ಅದು ವಂಶಕ್ಕೇ ತಟ್ಟುತ್ತದೆ ಎನ್ನುತ್ತಾರೆ. ಇಬ್ಬರೇ ಇದ್ದದ್ದು, ತಾನಂತೂ ಮಾಡಿಲ್ಲ ಎಂದು ಒಬ್ಬೊಬ್ಬನಿಗೂ ಗೊತ್ತು. ಅಂದಮೇಲೆ ಇನ್ನೊಬ್ಬ ದೀಪ ಮುಟ್ಟಿ ಸುಳ್ಳು ಹೇಳಿದ್ದಾನೆ ಎಂದಾಯಿತು. ಅಲ್ಲಿಗೆ ಅಣ್ಣತಮ್ಮಂದಿರ ಮಾತು ನಿಂತಿತು. ಇಬ್ಬರೂ ಇನ್ನು ಕಾರಿನಲ್ಲಿ ಕೂರಕೂಡದು ಎಂದು ತಾತ ಕಟ್ಟು ಹಾಕಿದ. ಆಮೇಲೆ ನಮ್ಮ ಮನೆಯಲ್ಲಿ ಎತ್ತು ಸತ್ತರೂ, ಬಾವಿ ಬತ್ತಿದರೂ ನಮ್ಮಪ್ಪ ಹೇಳುತ್ತಿದ್ದದ್ದು ಒಂದೇ, "ದೀಪ ಮುಟ್ಟಿ ಸುಳ್ಳು ಹೇಳ್ದೋನ ಪಾಪ, ನಮ್ಗೂ ಮೆತ್ಕಂತು." ಚಿಕ್ಕಪ್ಪನಿಗೆ ಮಕ್ಕಳಾಗಲಿಲ್ಲ. ಅವನು ಅದಕ್ಕೆ ಏನು ಹೇಳುತ್ತಿದ್ದನೆಂದು ಬೇರೆ ಹೇಳಬೇಕಾಗಿಲ್ಲ.

ತಾತ ಹೋದ ಮೇಲೆ ಪಾಲಾಯಿತು. ಹೊಲ, ಮರ, ಪಾತ್ರೆ ಎಲ್ಲ ಹಂಚಿದರು. ಕಾರು ಉಳಿಯಿತು. ಅವನಿಗೆ ಕೊಟ್ಟರೆ ಇವನು ಒಪ್ಪುವುದಿಲ್ಲ, ಇವನಿಗೆ ಕೊಟ್ಟರೆ ಅವನು ಒಪ್ಪುವುದಿಲ್ಲ, ಮಾರುವುದಕ್ಕೆ ಇಬ್ಬರೂ ಒಪ್ಪುವುದಿಲ್ಲ. ಪಂಚಾಯ್ತಿಗೆ ಕೂತಿದ್ದ ಹಿರಿಯರೊಬ್ಬರು ಎಲೆಅಡಿಕೆ ಉಗಿದು ಬಂದು, ಬಾಡಿ ದೊಡ್ಡವನಿಗೆ, ಇಂಜಿನ್ ಚಿಕ್ಕವನಿಗೆ ಎಂದು ತೀರ್ಪು ಕೊಟ್ಟರು. ನಾನಾಗ ಲಂಗ ಹಾಕಿಕೊಂಡು ಜಗುಲಿಯ ಕಂಬ ಹಿಡಿದು ಸುತ್ತುತ್ತಿದ್ದೆ, ಈ ಮಾತು ಚೆನ್ನಾಗಿ ನೆನಪಿದೆ: "ಓಡುಸ್ಬೇಕು ಅಂದ್ರೆ ಇಬ್ರೂ ಒಂದಾಗ್ಲೇ ಬೇಕಲ್ಲ! ಎಂಟು ದಿನ ತಡೀರಿ, ಅವ್ರೇ ಬತ್ತಾರೆ." ಎಲ್ಲರೂ ಆ ಹಿರಿಯರ ಬುದ್ಧಿಯನ್ನು ಹೊಗಳಿದರು. ಚಿಕ್ಕಪ್ಪ ಇಂಜಿನ್ನನ್ನು ಗಾಡಿಗೆ ಹೇರಿಕೊಂಡು ಹೆಂಡತಿಯ ಊರಿಗೆ ಹೋಗಿ, ಕಡಲೆಕಾಯಿ ಸುಲಿಯುವ ಮಿಷನ್ನಿಗೆ ಜೋಡಿಸಿಕೊಂಡ. ಇಂಜಿನ್ನಿಲ್ಲದ ಕಾರನ್ನು ನಮ್ಮಪ್ಪ ಹೊಲದ ಕೊಟ್ಟಿಗೆಯಲ್ಲಿ ನಿಲ್ಲಿಸಿದ. ಎಂಟು ದಿನ ಹೋಗಿ ನಲವತ್ತು ವರ್ಷ ದಾಟಿತು. ಅಷ್ಟೂ ಕಾಲ ಅದರಲ್ಲಿ ಕೋಳಿಗಳು ಮೊಟ್ಟೆಯಿಟ್ಟವು, ನಾನು ಕೂತು ಸ್ಟೀರಿಂಗ್ ತಿರುಗಿಸಿದೆ. ನಮ್ಮಪ್ಪ ಒಂದು ದಿನವೂ ಕೂರಲಿಲ್ಲ. ಬಟ್ಟೆ ತೆಗೆದುಕೊಂಡು ಒರೆಸುತ್ತಿದ್ದ, ಅಷ್ಟೆ.

ಆ ಕಾರು ಓಡುವುದನ್ನು ನೋಡಬೇಕು, ಅದನ್ನು ನಾನೇ ಓಡಿಸಬೇಕು ಎಂಬುದು ನನಗೆ ಹುಚ್ಚಿನಂತೆ ಹಿಡಿದದ್ದು ಅಪ್ಪ ಹೋದ ಮೇಲೆ. ಇಷ್ಟು ವರ್ಷ ಬೋರ್ಡಿನ ಮೇಲೆ ಸಿಲಿಂಡರು, ಪಿಸ್ಟನ್ನು ಬರೆದು ಬರೆದು ಅಳಿಸಿದ್ದೇ ಬಂತು. ಐವತ್ತು ಹತ್ತಿರ ಬಂದಿದೆ, ಇನ್ನು ಯಾವಾಗ?

ಭಾನುವಾರ ಬೆಳಿಗ್ಗೆಯೇ ಗಂಡನನ್ನು ಎಬ್ಬಿಸಿ ಪಾವಗಡದ ದಾರಿ ಹಿಡಿದೆ. ಮಿಡಿಗೇಶಿ ದಾಟುವಷ್ಟರಲ್ಲಿ ಹೋಗುವುದು ಬೇಡ ಎನ್ನಿಸಿತು. ಗಾಡಿ ನಿಲ್ಲಿಸಿದೆ. "ತಿರುಗಿಸ್ಲಾ?" ಎಂದೆ. "ತಿರುಗಿಸು," ಎಂದರು ಅವರು. "ಮನೆಗೆ ಹೋದ್ಮೇಲೆ ಮತ್ತೆ ಇತ್ಲಾಗೆ ತಿರುಗಿಸ್ತೀಯಲ್ಲ, ಪೆಟ್ರೋಲ್ ಐತಾ ನೋಡ್ಕ." ಹಲ್ಲು ಕಚ್ಚಿಕೊಂಡು ಮುಂದಕ್ಕೇ ಓಡಿಸಿದೆ.

ಚಿಕ್ಕಪ್ಪನ ಹೊಲದ ತುಂಬ ಈಗ ಸೋಲಾರ್ ಹಲಗೆಗಳು. ಕಡಲೆಕಾಯಿ ಬೆಳೆಯುತ್ತಿದ್ದ ನೆಲವನ್ನು ಗುತ್ತಿಗೆಗೆ ಕೊಟ್ಟಿದ್ದಾನೆ. ಮಿಷನ್ ಇದ್ದ ಶೆಡ್ಡು ಒಂದು ಉಳಿದಿತ್ತು, ಅದನ್ನೂ ಈಗ ಕೀಳಬೇಕು. ಚಿಕ್ಕಮ್ಮ ಹೋಗಿ ಬಹಳ ದಿನವಾಗಿದೆ. ಚಿಕ್ಕಪ್ಪ ಬಾಗಿಲಲ್ಲೇ ನಿಂತಿದ್ದ. ನಮ್ಮಪ್ಪನದೇ ಮೂಗು, ನಮ್ಮಪ್ಪನದೇ ಬಾಗಿದ ಹೆಗಲು. ಅದನ್ನು ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಇಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಪಕ್ಕದಲ್ಲಿ ಸಣ್ಣ ಎಣ್ಣೆದೀಪ ಇಟ್ಟಿದ್ದ. ಪ್ರತಿ ಅಮಾವಾಸ್ಯೆಗೂ ಪೂಜೆ ಮಾಡಿ ಒಂದಷ್ಟು ಹೊತ್ತು ಓಡಿಸುತ್ತಾನಂತೆ. ಕರೆಂಟ್ ಮೋಟಾರು ಬಂದ ಮೇಲೆ ಇದಕ್ಕೆ ಬೇರೆ ಕೆಲಸವೇ ಇರಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿದ. ಆ ವಯಸ್ಸಿಗೆ ಅಷ್ಟು ಬಲ ಎಲ್ಲಿತ್ತೋ, ಎರಡನೇ ಸುತ್ತಿಗೇ ಹತ್ತಿಕೊಂಡಿತು. ಶೆಡ್ಡೆಲ್ಲ ನೀಲಿ ಹೊಗೆ. ಆದರೆ ಆ ಸದ್ದು! ಒಂದು ಕ್ಷಣ ಚಿಕ್ಕಪ್ಪ, ಅಪ್ಪ, ಆಣೆ ಎಲ್ಲ ಮರೆತೇಹೋಯಿತು. ಇದು ನನಗೆ ಬೇಕು, ಅಷ್ಟೆ.

"ಏನು ಕೊಡ್ಬೇಕು ಹೇಳಿ," ಎಂದೆ. ಸಿಟ್ಟಿದ್ದಾಗ ನನಗೆ ಎಲ್ಲರೂ ನೀವು ಆಗುತ್ತಾರೆ.

"ನಿನ್ ದುಡ್ಡು ಯಾರಿಗೆ ಬೇಕಮ್ಮಾ?" ಎಂದ. ಇಂಜಿನ್ ಆರಿಸಿ, ಹೆಗಲ ಟವೆಲಿನಲ್ಲಿ ಕೈ ಒರೆಸಿಕೊಂಡ. "ಮೂರ್ನೇದ್ರಾಗೆ ಗೀರು ಅದೆ. ಇಲ್ಲೀಗಂಟ ಪಿಸ್ಟನ್ನಿಗೆ ಯಾರ್ಗೂ ಕೈ ಹಾಕಾಕೆ ಬಿಟ್ಟಿಲ್ಲ. ಶಿರಾಕ್ಕೆ ತಗಂಡೋಗು, ಬಿಚ್ಚಿಸು, ಕಣ್ಣಾರೆ ನೋಡು. ನೋಡ್ಕಂಡು ಬಂದು, ಇಗೋ ಈ ದೀಪದ ಮುಂದೆ ನಿಂತ್ಕಂಡು, ಅದು ನಮ್ಮಪ್ಪ ಮಾಡಿದ್ದು ಅಂತ ಒಂದ್ ಮಾತು ಒಪ್ಕ. ಅಷ್ಟೇ. ಇಂಜಿನ್ನು ನಿಂದು. ಅಲ್ಲೀಗಂಟ ಒಂದ್ ಕೂದ್ಲೆಳೆನೂ ಕೊರೆಸ್ಬ್ಯಾಡ. ಆಮೇಲೆ ನಿನ್ನಿಷ್ಟ, ಎಷ್ಟ್ ಬೇಕಾದ್ರೂ ದೊಡ್ದು ಮಾಡ್ಕ."

"ನಮ್ಮಪ್ಪ ಸತ್ತಾಗ ಮುಖ ನೋಡೋಕೆ ಬರಲಿಲ್ಲ, ಈಗ ಸತ್ತವನ ಮೇಲೆ ಆಣೆ ಕೇಳ್ತೀರಲ್ಲ, ನಾಚಿಕೆ ಆಗಲ್ವಾ?"

ಅವನು ಸಿಟ್ಟಾಗಲಿಲ್ಲ. "ಬಂದು ಏನ್ಮಾಡ್ಲಿ? ಒಪ್ಕಳ್ಳೋ ಬಾಯೇ ಮುಚ್ಕಂಡಿತ್ತು," ಎಂದ. "ನಾನು ಸಾಯಾದ್ರೊಳಗೆ ಆ ಮಾತು ಕಿವೀಗೆ ಬೀಳ್ಬೇಕು. ಅವ್ನ ಬಾಯಿಂದ ಬೀಳ್ನಿಲ್ಲ. ನಿನ್ ಬಾಯಿಂದಾದ್ರೂ ಬೀಳ್ಲಿ."

ಇಂಜಿನ್ನೂ ಬೇಡ ಏನೂ ಬೇಡ ಎಂದು ಎದ್ದು ಬಂದೆ. ಬಂದವಳು ಮನೆಯಲ್ಲಿ ನೆಮ್ಮದಿಯಾಗಿ ಇದ್ದೆನೇ? ಕ್ಲಾಸಿನಲ್ಲಿ ಬೆಳಕಿನ ವಕ್ರೀಭವನ ಹೇಳುತ್ತ ಹೇಳುತ್ತ ಬೋರ್ಡಿನ ಮೇಲೆ ನಾಲ್ಕು ಸಿಲಿಂಡರು ಬರೆದಿಟ್ಟಿದ್ದೆ. ಸೊಪ್ಪು ತರಲು ಹೋದವಳು ಬೆಟ್ಟದ ಬುಡದವರೆಗೆ ನಡೆದು ಬರಿಗೈಯಲ್ಲಿ ವಾಪಸು ಬಂದೆ. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಗುಜರಿಯವನು ಒಯ್ದನೆಂದರೆ ಸುತ್ತಿಗೆಯಲ್ಲಿ ಒಡೆದು ಕರಗಿಸಿಬಿಡುತ್ತಾನೆ. ಆಮೇಲೆ ಆ ಕೆಂಪು ಕಾರು ನಾನು ಸಾಯುವವರೆಗೂ ಕೋಳಿಗೂಡೇ.

ಗಂಡ ಹೇಳಿದರು, "ಹೇಳ್ಬುಡು ಅತ್ಲಾಗೆ. ನಮ್ಮಪ್ಪನೇ ಮಾಡಿದ್ದು ಅಂತ ಅಂದ್ರೆ ಮಾವ ಎದ್ದು ಬಂದು ಕೇಳ್ತಾರಾ? ಮುದುಕಪ್ಪಂಗೂ ಸಮಾಧಾನ, ನಿಂಗೂ ಇಂಜಿನ್ನು."

"ರೀ, ದೀಪದ ಮುಂದೆ ರೀ."

"ನೀನು ದೀಪಕ್ಕೆಲ್ಲ ಹೆದರೋಳಾ? ಸೈನ್ಸ್ ಮೇಡಂ ನೀನು."

ದೀಪಕ್ಕೆ ನಾನು ಹೆದರುವುದಿಲ್ಲ. ಆದರೆ ನಮ್ಮಪ್ಪ ಹೆದರುತ್ತಿದ್ದ. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಮೇಲೂ, "ನಾನ್ ಮುಟ್ಟಿದ್ ದೀಪ ಸತ್ಯದ್ದು ಕಣಮ್ಮ" ಎಂದು ನನ್ನ ಕೈ ಹಿಡಿದು ಹೇಳಿದ್ದ. ಅಂಥವನನ್ನು ಒಂದು ಕಬ್ಬಿಣದ ತುಂಡಿಗಾಗಿ ಸುಳ್ಳುಗಾರ ಎನ್ನಲೇ? ಎನ್ನಬಾರದು ಎಂದುಕೊಳ್ಳುತ್ತಿದ್ದೆ, ಮರುಗಳಿಗೆಯೇ ಆ ಇಂಜಿನ್ನಿನ ಸದ್ದು ಕಿವಿಯಲ್ಲಿ ಬರುತ್ತಿತ್ತು. ಅಂದುಬಿಟ್ಟರೆ ಏನಾಗುತ್ತದೆ, ನಾಲ್ಕು ಮಾತು ತಾನೆ ಎನ್ನಿಸುತ್ತಿತ್ತು. ನಿಜ ಹೇಳುತ್ತೇನೆ, ಅಂದೇಬಿಡುವವಳಿದ್ದೆ.

ಏನೇ ಇರಲಿ, ಮೊದಲು ಬಿಚ್ಚಿ ನೋಡೋಣ, ನೋಡಲು ಯಾವ ಆಣೆಯೂ ಬೇಕಿಲ್ಲವಲ್ಲ ಎಂದು ಚಿಕ್ಕಪ್ಪನಿಗೆ ಫೋನು ಮಾಡಿದೆ. ಅವನು ಚೈನ್ ಪುಲ್ಲಿ ಹಾಕಿಸಿ, ಲಗೇಜ್ ಆಟೋಗೆ ಏರಿಸಿ, ಶಿರಾಕ್ಕೆ ಕಳಿಸಿಕೊಟ್ಟ.

ಶಿರಾದ ಲೇತ್ ಅಂಗಡಿಯ ಭಾಯ್ ನನಗೆ ಮೊದಲಿನಿಂದ ಗೊತ್ತು, ಕಾಲೇಜಿನ ಲ್ಯಾಬಿನ ಸಾಮಾನು ರಿಪೇರಿ ಮಾಡಿಕೊಡುವವರು. ಮಾತು ಜಾಸ್ತಿ. ಹೆಡ್ಡು ಬಿಚ್ಚುತ್ತ ಮದಲೂರು ಕೆರೆಗೆ ನೀರು ಬಂದ ಸುದ್ದಿ ಹೇಳಿದರು, ಮಗಳ ಮದುವೆಯ ಬಿರಿಯಾನಿ ಸುದ್ದಿ ಹೇಳಿದರು. ಅಲ್ಲಿದ್ದ ಸ್ಟೂಲಿನ ಮೇಲೆ ಕೂರಿ ಮೇಡಂ ಎಂದು ಮೂರು ಸಲ ಹೇಳಿ ಆಮೇಲೆ ಸುಮ್ಮನಾದರು. ಪಿಸ್ಟನ್ನುಗಳು ಒಂದೊಂದಾಗಿ ಹೊರಗೆ ಬಂದವು. ಮೊಬೈಲಿನ ಬೆಳಕು ಬಿಟ್ಟು ಮೂರನೇ ಸಿಲಿಂಡರಿನೊಳಗೆ ನೋಡಿದೆ. ಗೀರು ಇತ್ತು. ನನ್ನ ವಯಸ್ಸಿಗಿಂತ ಹಳೆಯ ಗೀರು, ಇವತ್ತು ಮಾಡಿದ ಹಾಗೆ ಹೊಳೆಯುತ್ತಿತ್ತು.

"ಅರೆ, ಯಾರೋ ಸ್ಕ್ರೂಡ್ರೈವರ್ ಬೀಳಿಸಿದಾರೆ," ಎಂದರು ಭಾಯ್.

ತುಮಕೂರು ಮೇಸ್ತ್ರಿ ಅಂದಿದ್ದೂ ಅದೇ ಮಾತು. ಮೈಯೆಲ್ಲ ಉರಿದುಹೋಯಿತು. ಭಾಯ್ ಅಳತೆ ಹಿಡಿದು ನೋಡಿ ಹೇಳತೊಡಗಿದರು, "ಕೊರೆದು ದೊಡ್ಡದು ಮಾಡ್ಲೇಬೇಕು ಮೇಡಂ. ಇಲ್ಲಾಂದ್ರೆ ಕಡ್ಲೆಕಾಯಿ ಸುಲಿಯುತ್ತೆ, ಕಾರ್ ಎಳೆಯಲ್ಲ, ಬಿಲ್ಕುಲ್ ಎಳೆಯಲ್ಲ. ಒಂದು ಸೈಜ್ ದೊಡ್ಡದು ಮಾಡಿದ್ರೆ ಗಟ್ಟಿ ಇರುತ್ತೆ, ಆದ್ರೆ ಗೀರು ಆಳ ಇದೆ, ಒಂದು ಎಳೆ ಉಳ್ಕೊಳ್ಳುತ್ತೆ. ಸ್ವಲ್ಪ ಎಣ್ಣೆ ಕುಡಿಯುತ್ತೆ, ಅಷ್ಟೆ. ಎರಡು ಸೈಜ್ ಮಾಡಿದ್ರೆ ಗೀರು ಪೂರಾ ಸಾಫ್, ಕಾರು ಕುದುರೆ ಥರ ಹೋಗುತ್ತೆ. ಆದ್ರೆ ಗೋಡೆ ತೆಳ್ಳಗಾಗಿ ಒಡೆದ್ರೆ ನನ್ನ ಕೇಳ್ಬೇಡಿ. ಯಾವ್ದು ಮಾಡ್ಲಿ?"

ಎರಡು ಸೈಜ್ ಎನ್ನಲು ಬಾಯಿ ತೆರೆದಿದ್ದೆ. ಒಡೆದರೆ ಒಡೆಯಲಿ, ಈ ಗೀರು ಮಾತ್ರ ಗುರುತೂ ಇಲ್ಲದಂತೆ ಹೋಗಬೇಕು ಎನ್ನಿಸಿತ್ತು. ಇದೇ ಅಲ್ಲವೇ ನಮ್ಮಪ್ಪನನ್ನು ಜೀವನಪೂರ್ತಿ ತಿಂದದ್ದು. ಕೊನೆಯ ಸಲ ಅದನ್ನು ಮುಟ್ಟಿ ನೋಡೋಣ ಎಂದು ಬೆರಳು ಒಳಗೆ ಹಾಕಿದೆ. ಸಿಲಿಂಡರಿನ ಬಾಯಿಯ ಅಂಚು ನುಣ್ಣಗಿತ್ತು. ಅದರ ಕೆಳಗೆ ಎರಡು ಬೆರಳಗಲವೂ ನುಣ್ಣಗೇ ಇತ್ತು. ಗೀರು ಶುರುವಾಗುತ್ತಿದ್ದದ್ದು ಅಲ್ಲಿಂದ ಕೆಳಗೆ.

"ಭಾಯ್, ಮೇಲಿನಿಂದ ಸ್ಕ್ರೂಡ್ರೈವರ್ ಬಿದ್ದರೆ ಬಾಯಿಯ ಅಂಚಿಗೆ ತಾಗದೆ ಇರುತ್ತಾ?"

"ಸೀದಾ ಬಿದ್ದಿರುತ್ತೆ ಮೇಡಂ."

"ಬಿದ್ದಿದ್ದು ಇಷ್ಟು ನೇರವಾಗಿ ಗೆರೆ ಎಳೆಯುತ್ತಾ? ಸ್ಕೇಲ್ ಕೊಡಿ."

ಗೀರಿನ ಉದ್ದ ಅಳೆದೆ. ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಎಷ್ಟು ಓಡುತ್ತದೆಂದು ಅಳೆದೆ. ಎರಡೂ ಒಂದೇ. ಅಂದರೆ ಇದು ಬಿದ್ದ ವಸ್ತು ಮಾಡಿದ ಗೀರಲ್ಲ. ಇಂಜಿನ್ ಓಡುವಾಗ ಪಿಸ್ಟನ್ನಿನ ಜೊತೆಗೇ ಮೇಲೆ ಕೆಳಗೆ ಹೋಗುತ್ತಿದ್ದ ಏನೋ ಒಂದು ಗೋಡೆಯನ್ನು ಕೆರೆದಿದೆ. ಪಿಸ್ಟನ್ನಿಗೆ ಅಡ್ಡಲಾಗಿ ಒಂದು ಪಿನ್ ಇರುತ್ತದೆ. ಅದು ಪಕ್ಕಕ್ಕೆ ಜಾರದಂತೆ ಎರಡೂ ತುದಿಗೆ ಒಂದೊಂದು ಲಾಕ್ ಬಳೆ. ಬಳೆ ಬಿಟ್ಟುಹೋದರೆ ಪಿನ್ ಜಾರಿ ಗೋಡೆಗೆ ತಾಗುತ್ತದೆ. ಇದನ್ನು ನಾನು ಹೇಳುತ್ತಿದ್ದಂತೆ ಭಾಯ್ ಮೂರನೇ ಪಿಸ್ಟನ್ನನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ಒರೆಸಿದರು.

ಉಳಿದ ಮೂರು ಪಿಸ್ಟನ್ನುಗಳಲ್ಲಿ ಎರಡೂ ಕಡೆ ಕಾರ್ಖಾನೆಯ ಬಳೆಗಳಿದ್ದವು. ಇದರಲ್ಲಿ ಒಂದು ಕಡೆ ಮಾತ್ರ ಬಳೆಯ ಬದಲು ಕೈಯಲ್ಲಿ ಬಗ್ಗಿಸಿದ ಒಂದು ತಂತಿ.

"ಇದು ಆಮೇಲೆ ಹಾಕಿದ್ದು ಮೇಡಂ," ಎಂದರು ಮೆಲ್ಲಗೆ.

ಚಿಕ್ಕಪ್ಪ ತನ್ನ ಕಾಲದಲ್ಲಿ ಹೆಡ್ಡಿನ ಕೆಳಗೆ ಯಾರಿಗೂ ಕೈ ಹಾಕಲು ಬಿಟ್ಟಿರಲಿಲ್ಲ. ತಾತನ ಕಾಲದಲ್ಲಿ ಪಿಸ್ಟನ್ ಹೊರಗೆ ತೆಗೆದವನು ತುಮಕೂರಿನ ಮೇಸ್ತ್ರಿ ಒಬ್ಬನೇ. ರಿಂಗು ಬದಲಿಸಿದ ದಿನ ಒಂದು ಬಳೆ ಹಾಕುವುದನ್ನು ಮರೆತಿದ್ದಾನೆ. ಪಿನ್ ಮೆಲ್ಲಮೆಲ್ಲಗೆ ಜಾರಿ, ಹಬ್ಬದ ಓಡಾಟದಲ್ಲಿ ಗೋಡೆಗೆ ತಾಗಿದೆ. ಹೊಗೆ ಬಂದಾಗ ಬಿಚ್ಚಿ ನೋಡಿ ತನ್ನ ತಪ್ಪನ್ನು ಕಂಡಿದ್ದಾನೆ. ಸದ್ದಿಲ್ಲದೆ ತಂತಿ ಬಗ್ಗಿಸಿ ಸಿಕ್ಕಿಸಿದ್ದಾನೆ. ಹೊರಗೆ ಬಂದು, ಸ್ಕ್ರೂಡ್ರೈವರ್ ಬೀಳಿಸವ್ರೆ ಎಂದಿದ್ದಾನೆ. ಎಲ್ಲೋ ಸತ್ತು ಮಣ್ಣಾಗಿರುವ ಆ ಮನುಷ್ಯನ ಮೇಲೆ ಬಂದ ಸಿಟ್ಟನ್ನು ಏನು ಮಾಡಬೇಕೆಂದು ತಿಳಿಯದೆ ಅಂಗಡಿಯ ಮುಂದೆ ಅತ್ತಿಂದಿತ್ತ ಓಡಾಡಿದೆ. ಓಡಾಡುತ್ತಲೇ ಅಳು ಬಂತು. ನಮ್ಮಪ್ಪ ದೀಪ ಮುಟ್ಟಿ ಹೇಳಿದ್ದು ನಿಜ. ಚಿಕ್ಕಪ್ಪ ದೀಪ ಮುಟ್ಟಿ ಹೇಳಿದ್ದೂ ನಿಜ.

ಭಾಯ್‌ಗೆ ಇನ್ನೂ ಏನೂ ಕೊರೆಯಬೇಡಿ ಎಂದು ಹೇಳಿ, ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ ಚಿಕ್ಕಪ್ಪನನ್ನು ಕರೆದುಕೊಂಡು ಬಂದೆ. ದಾರಿಯಲ್ಲಿ ಏನೂ ಹೇಳಲಿಲ್ಲ. ಅವನು ಬಿಳಿ ಶರ್ಟು ಹಾಕಿಕೊಂಡು, ಜೇಬಿನಲ್ಲಿ ಕರ್ಪೂರದ ಪೊಟ್ಟಣ ಇಟ್ಟುಕೊಂಡು ಬಂದಿದ್ದ. ನಾನು ಅಲ್ಲೇ ಒಪ್ಪಿಕೊಳ್ಳುತ್ತೇನೆ ಎಂದುಕೊಂಡಿದ್ದನೋ ಏನೋ.

ಅಂಗಡಿಯಲ್ಲಿ ಅವನ ಬೆರಳನ್ನು ಹಿಡಿದು ಸಿಲಿಂಡರಿನ ಅಂಚಿನ ಮೇಲಿಟ್ಟೆ. ನುಣುಪನ್ನು ಮುಟ್ಟಿಸಿದೆ, ಗೀರನ್ನು ಮುಟ್ಟಿಸಿದೆ. ಪಿಸ್ಟನ್ನು ತೋರಿಸಿದೆ, ಪಿನ್ ತೋರಿಸಿದೆ, ಬಳೆಗಳನ್ನು ತೋರಿಸಿ, ಕೊನೆಗೆ ಆ ತಂತಿ ತೋರಿಸಿದೆ. ನಲವತ್ತು ವರ್ಷ ಇಂಜಿನ್ ಓಡಿಸಿದವನಿಗೆ ಹೆಚ್ಚು ಹೇಳಬೇಕಾಗಲಿಲ್ಲ. ತಂತಿಯನ್ನು ಉಗುರಿನಿಂದ ಮೀಟಿ ನೋಡಿದ.

"ಮೇಸ್ತ್ರಿನಾ?" ಎಂದ.

"ಹೂಂ."

"ಅವತ್ತು ನಮ್ಮಪ್ಪ ಅವ್ನಿಗೆ ಹೊಸ ಪಂಚೆ ಕೊಟ್ಟು ಊಟಕ್ಕಿಕ್ಕಿ ಕಳಿಸ್ದ. ನಾವಿಬ್ರೂ ಹಟ್ಟೀಲಿ ಉಪಾಸ ಕೂತಿದ್ವಿ. ಅವ್ನು ಆ ಗೋಡೆಗೆ, ನಾನು ಈ ಗೋಡೆಗೆ." ಅಷ್ಟು ಹೇಳಿ, ಆಮೇಲೆ ನನ್ನ ಮುಖ ನೋಡಿ ಕೇಳಿದ, "ನಿಮ್ಮಪ್ಪಂಗೆ ಇದು ಗೊತ್ತಾಗ್ಲೇ ಇಲ್ವಾ?"

ಇಲ್ಲ ಎಂದು ತಲೆಯಾಡಿಸಿದೆ.

ನನ್ನ ಕಾರಿನಲ್ಲಿ ಕೂತ ಮೇಲೆ ಪಾವಗಡದ ಕಡೆ ತಿರುಗಿಸಲು ಹೋದರೆ ತಡೆದ. "ಬ್ಯಾಡ. ಕೊಳಾಲಕ್ಕೆ ನಡಿ." ಬಡವನಹಳ್ಳಿ, ಮಧುಗಿರಿ, ಕೊರಟಗೆರೆ, ಅಷ್ಟೂ ದೂರ ಒಂದು ಮಾತಿಲ್ಲ. ನನಗೋ ಸುಮ್ಮನಿರುವುದು ಗೊತ್ತಿಲ್ಲ, ನೀರು ಬೇಕಾ, ಎಳನೀರು ಕುಡೀತೀಯಾ ಎಂದು ಕೇಳುತ್ತಲೇ ಇದ್ದೆ. ಯಾವಾಗ ನೀವು ಹೋಗಿ ನೀನು ಬಂದಿತ್ತೋ ನನಗೇ ತಿಳಿಯಲಿಲ್ಲ.

ಅಪ್ಪನ ಸಮಾಧಿ ಹೊಲದ ಬದುವಿನಲ್ಲಿದೆ, ಕೊಟ್ಟಿಗೆಯ ಪಕ್ಕ. ಚಿಕ್ಕಪ್ಪ ಚಪ್ಪಲಿ ಬಿಟ್ಟು ಹೋಗಿ ಕಲ್ಲಿನ ಮೇಲೆ ಕರ್ಪೂರ ಇಟ್ಟ. ಗಾಳಿಗೆ ಕಡ್ಡಿ ಆರಿ ಆರಿ ಹೋಗುತ್ತಿತ್ತು. ನಾನು ಎರಡೂ ಕೈ ಅಡ್ಡ ಹಿಡಿದೆ. ಹತ್ತಿಕೊಂಡಿತು. ಅವನು ಆ ಉರಿಗೆ ಬೆರಳು ಮುಟ್ಟಿಸಿ, ಎದುರಿಗೆ ಕೂತವನಿಗೆ ಹೇಳುವಂತೆ ಹೇಳಿದ:

"ಅಣ್ಣಾ, ನೀನಲ್ಲ ಕಣೋ. ನಾನೂ ಅಲ್ಲ."

ಕರ್ಪೂರ ಪೂರಾ ಉರಿದು ಆರುವವರೆಗೆ ಅಲ್ಲೇ ಕೂತಿದ್ದು, ನನ್ನ ಕೈ ಹಿಡಿದು ಎದ್ದು ಕೊಟ್ಟಿಗೆಗೆ ಬಂದ. ಕಾರಿನ ಮೇಲಿನ ಗೋಣಿತಾಟು ಸರಿಸಿದೆ. ಬಣ್ಣ ಹೋಗಿದೆ, ಸೀಟಿನ ಚರ್ಮ ಹರಿದಿದೆ, ಒಳಗೆ ಒಂದೆರಡು ಕೋಳಿ ಪುಕ್ಕ. ಅವನು ಎಡಗಡೆಯ ಬಾಗಿಲು ತೆಗೆದು, ಮೊಣಕಾಲು ಹಿಡಿದುಕೊಂಡು ಬಗ್ಗಿ, ಪಕ್ಕದ ಸೀಟಿನಲ್ಲಿ ಕೂತ.

"ಓಡ್ಸೋ ಕಡೆ ಕೂತ್ಕೋ ಚಿಕ್ಕಪ್ಪ," ಎಂದೆ.

"ಓಡ್ಸೋನು ಅವ್ನೇ. ನಾನು ಇತ್ಲಾಗೇ," ಎಂದ.

ನಾನು ಸುತ್ತಿಕೊಂಡು ಹೋಗಿ ಬಲಗಡೆಯ ಬಾಗಿಲು ತೆಗೆದು, ಸ್ಟೀರಿಂಗಿನ ಮುಂದೆ ಕೂರಲು ಒಂದು ಕಾಲು ಒಳಗಿಟ್ಟೆ. ಅವನು ಆ ಸೀಟಿನ ಮೇಲೆ ಕೈಯಿಟ್ಟ. "ಇರಮ್ಮಾ, ವಸಿ ಹೊತ್ತು ಇರು," ಎಂದ.

ಕಾಲು ಹಿಂದಕ್ಕೆ ತೆಗೆದುಕೊಂಡು ನಿಂತೆ. ಅಷ್ಟರಲ್ಲಿ ಶಿರಾದಿಂದ ಭಾಯ್ ಫೋನು. ಅವರಿಗೆ ಬೇರೆ ಕೆಲಸ ಕಾಯುತ್ತಿತ್ತು. "ಮೇಡಂ, ಒಂದ್ ಸೈಜಾ, ಎರಡಾ?" ಎಂದರು.

"ಒಂದೇ," ಎಂದೆ.

"ಗೀರು ಒಂದು ಎಳೆ ಉಳಿಯುತ್ತೆ, ಹೇಳಿದೀನಿ."

"ಉಳೀಲಿ ಭಾಯ್."

ಫೋನು ಇಟ್ಟು ಅಲ್ಲೇ ನಿಂತಿದ್ದೆ, ಎಲ್ಲಿಗೂ ಹೋಗಬೇಕೆನ್ನಿಸಲಿಲ್ಲ. ಚಿಕ್ಕಪ್ಪ ಆ ಸೀಟಿನ ಮೇಲಿಟ್ಟ ಕೈಯನ್ನು ಇನ್ನೂ ತೆಗೆದಿರಲಿಲ್ಲ.